ಉಣುಗು, ಕೊಟ್ಟಿಗೆ ಮತ್ತು ಮಂಗನ ಕಾಯಿಲೆ

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಹಾಲಿನ ಸಂಘದ ಸಭೆ ಅಂದರೆ ಫ್ಯಾಟು, ಡಿಗ್ರಿ, ಬೋನಸ್ಸು, ಹಿಂಡಿ ಚೀಲದ ರೇಟು ಇಷ್ಟರಲ್ಲೇ ಮಾತು ಮುಗಿಯುವುದು ರೂಢಿ. ಈ ಸಲ ಆಡಳಿತ ಮಂಡಳಿಯವರು ನಮಗೆ ಉಣುಗಿನ ಬಗ್ಗೆ ಮಾತಾಡಿ ಎಂದರು. ಪಟ್ಟಿ ಓದಿದವರು ಕೆಲವರು ನಕ್ಕರೂ ನಕ್ಕರು. ಇಪ್ಪತ್ತೈದು ವರ್ಷದ ಸಂಭ್ರಮದಲ್ಲಿ ಉಣುಗಿಗೆ ಎಂತಾ ಕೆಲಸ ಮಾರಾಯ್ರೆ ಅಂತ. ಆದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕಿನಲ್ಲಿ ದನ ಕಟ್ಟಿಕೊಂಡು, ನಾಯಿ ಸಾಕಿಕೊಂಡು, ಕಾಡಿನ ದರಕು ತಂದು ಬದುಕುವ ನಮಗೆ ಇದಕ್ಕಿಂತ ಹತ್ತಿರದ ವಿಷಯ ಇನ್ನೊಂದಿಲ್ಲ. 2024ರ ಜನವರಿಯಲ್ಲಿ ಹೊಸನಗರ ತಾಲ್ಲೂಕಿನ ಹದಿಹರೆಯದ ಹೆಣ್ಣುಮಗಳೊಬ್ಬಳು ಮಂಗನ ಕಾಯಿಲೆಯಿಂದ ತೀರಿಕೊಂಡಳು. 2025ರ ಏಪ್ರಿಲ್‌ನಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಎಳೆಯ ಬಾಲಕನೊಬ್ಬ ಹೋದ. ಅದಕ್ಕೂ ಮೊದಲು 2018–19ರ ಹಂಗಾಮಿನಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗ ಅನುಭವಿಸಿದ್ದನ್ನು ನಾವ್ಯಾರೂ ಮರೆಯುವ ಹಾಗಿಲ್ಲ. ಒಂದೇ ಭಾಗದಲ್ಲಿ ಒಂದರ ಹಿಂದೊಂದು ಸಾವು. ಆಗ ಊರು ಬಿಟ್ಟು ನೆಂಟರ ಮನೆಗೆ ಹೋದವರಿದ್ದರು. ಎಷ್ಟು ದಿನ ಹೋಗ್ತಾರೆ? ದನ ಇದೆ, ತೋಟ ಇದೆ, ವಾಪಸ್ಸು ಬರಲೇಬೇಕು.

ಈ ಕಾಯಿಲೆ ಹೊರಗಿನ ಪ್ರಪಂಚಕ್ಕೆ ಗೊತ್ತಾದದ್ದು 1957ರಲ್ಲಿ. ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲು ಸಾಲಾಗಿ ಸತ್ತವು, ಸುತ್ತಲಿನ ಹಳ್ಳಿಯವರು ಜ್ವರ ಬಂದು ಮಲಗಿದರು. ಮಂಗ ಸತ್ತರೆ ಮನುಷ್ಯನಿಗೆ ಜ್ವರ ಬರುತ್ತದೆ ಎನ್ನುವ ಸಂಬಂಧವನ್ನು ಹಳ್ಳಿಯವರೇ ಗುರುತಿಸಿ ಮಂಗನ ಕಾಯಿಲೆ ಅಂತ ಹೆಸರಿಟ್ಟರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಡಾಕ್ಟರ್ ಟೆಲ್ಫರ್ಡ್ ವರ್ಕ್, ಡಾಕ್ಟರ್ ಹೆರಾಲ್ಡ್ ಟ್ರಾಪಿಡೊ ಮುಂತಾದವರು ಬಂದರು. ಮಂಗ ಸಾಯುತ್ತಿರುವುದು ನೋಡಿ ಮೊದಲು ಆಫ್ರಿಕಾ, ಅಮೆರಿಕಾ ಕಡೆಯ ಹಳದಿ ಜ್ವರ ಭಾರತಕ್ಕೆ ಬಂದುಬಿಟ್ಟಿತೋ ಎಂದು ಗಾಬರಿಯಾಗಿತ್ತು. ಪರೀಕ್ಷೆ ಮಾಡಿದಾಗ ಅದಲ್ಲ, ರಷ್ಯಾ ಕಡೆಯ ಕಾಡುಗಳಲ್ಲಿ ಉಣುಗಿನಿಂದ ಬರುವ ಮಿದುಳು ಜ್ವರದ ವೈರಸ್ಸಿನ ಬಳಗಕ್ಕೆ ಸೇರಿದ ಒಂದು ಹೊಸ ವೈರಸ್ಸು ಎಂದು ತಿಳಿಯಿತು. ಅಷ್ಟು ದೂರದ ನೆಂಟ ಇಲ್ಲಿಗೆ ಹೇಗೆ ಬಂದ, ವಲಸೆ ಹಕ್ಕಿಗಳ ಮೈಮೇಲಿನ ಉಣುಗಿನ ಜೊತೆ ಬಂದನೋ ಎಂದು ಪಕ್ಷಿತಜ್ಞ ಸಲೀಂ ಅಲಿಯವರ ಕಾಲದಲ್ಲಿ ಹುಡುಕಾಟವೂ ನಡೆಯಿತು. ಅದು ಸಾಬೀತಾಗಲಿಲ್ಲ. ಆಮೇಲೆ ನಮ್ಮ ಸಾಗರದಲ್ಲೇ ಕ್ಷೇತ್ರ ಕೇಂದ್ರ ಇಟ್ಟುಕೊಂಡು ವಿಜ್ಞಾನಿಗಳು ವರ್ಷಗಟ್ಟಲೆ ಕಾಡಿನಲ್ಲಿ ಉಣುಗು ಹಿಡಿದು ಲೆಕ್ಕ ಹಾಕಿದರು. ನಾವು ಈಗ ಹೇಳುವ ಬಹುಪಾಲು ವಿಷಯ ಅವರು ಅಂದು ಕಂಡುಹಿಡಿದದ್ದೇ.

ಕಾಯಿಲೆ ಸೊರಬದಲ್ಲೇ ನಿಲ್ಲಲಿಲ್ಲ. 1983ರ ಸುಮಾರಿಗೆ ಬೆಳ್ತಂಗಡಿ ತಾಲ್ಲೂಕಿನಲ್ಲಿ ಸಾವಿರಕ್ಕೂ ಮೇಲೆ ಜನರಿಗೆ ಬಂದು ನೂರಕ್ಕೂ ಹೆಚ್ಚು ಜನ ಸತ್ತರು. ಇತ್ತೀಚಿನ ವರ್ಷಗಳಲ್ಲಿ ಬಂಡೀಪುರ, ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದವರೆಗೂ ಕಾಣಿಸಿಕೊಂಡಿದೆ. ನಮ್ಮ ತೀರ್ಥಹಳ್ಳಿ ಕಡೆ 2014ರಲ್ಲಿ ಕನ್ನಂಗಿ ಭಾಗದಲ್ಲಿ ಬಂದದ್ದು ಇಲ್ಲಿ ಕೂತ ಹಲವರಿಗೆ ನೆನಪಿರಬಹುದು.

ಈಗ ಉಣುಗಿನ ವಿಷಯಕ್ಕೆ ಬರುತ್ತೇವೆ. ಉಣುಗಿನಲ್ಲಿ ಬೇಕಾದಷ್ಟು ಜಾತಿ ಇದೆ. ಎಲ್ಲ ಉಣುಗೂ ಮಂಗನ ಕಾಯಿಲೆ ತರುವುದಿಲ್ಲ. ನಾಯಿ ಮಲಗುವ ಜಗಲಿ ಗೋಡೆಯ ಸಂದಿನಲ್ಲಿ ಹತ್ತುವ ಕಂದು ಉಣುಗು ಬೇರೆ. ಅದು ನಾಯಿಗೆ ಜ್ವರ, ರಕ್ತಹೀನತೆ ತರುತ್ತದೆ, ಆದರೆ ಮಂಗನ ಕಾಯಿಲೆಗೆ ಅದು ಮುಖ್ಯ ಕಾರಣ ಅಲ್ಲ. ಮುಖ್ಯವಾಗಿ ಈ ಕಾಯಿಲೆ ತರುವುದು ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಕಾಡಿನ ಉಣುಗು. ಹೆಸರು ಬಾಯಿಪಾಠ ಮಾಡಬೇಕಿಲ್ಲ. ಅದರ ಕ್ಯಾಲೆಂಡರ್ ಮಾತ್ರ ಬಾಯಿಪಾಠ ಆಗಬೇಕು.

ಮಳೆಗಾಲದಲ್ಲಿ, ಜೂನ್‌ನಿಂದ ಆಗಸ್ಟ್‌ವರೆಗೆ, ಬೆಳೆದ ದೊಡ್ಡ ಉಣುಗು ಮೇಯಲು ಹೋದ ದನಕ್ಕೆ ಹತ್ತುತ್ತದೆ. ಹೊಟ್ಟೆ ತುಂಬಾ ರಕ್ತ ಕುಡಿದು ಉಬ್ಬಿದ ಹೆಣ್ಣು ಉಣುಗು ಕೆಳಗೆ ಬಿದ್ದು ದರಕಿನ ಅಡಿ ಸೇರಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಮಳೆ ಹಿಂದಾದ ಮೇಲೆ ಮೊಟ್ಟೆಯೊಡೆದು ಕಣ್ಣಿಗೆ ಕಾಣದಷ್ಟು ಸಣ್ಣ ಮರಿ ಬರುತ್ತದೆ. ಅದು ಇಲಿ, ಹಕ್ಕಿ, ಮಂಗ ಇವುಗಳ ರಕ್ತ ಕುಡಿಯುತ್ತದೆ. ಕುಡಿದ ಪ್ರಾಣಿಯ ರಕ್ತದಲ್ಲಿ ವೈರಸ್ಸಿದ್ದರೆ ಅದು ಉಣುಗಿನ ಹೊಟ್ಟೆ ಸೇರಿತು. ನವೆಂಬರ್, ಡಿಸೆಂಬರ್ ಹೊತ್ತಿಗೆ ಆ ಮರಿ ಎಳ್ಳಿನ ಕಾಳಿನಷ್ಟಾಗುತ್ತದೆ. ಈ ಎಳ್ಳುಕಾಳಿನ ಉಣುಗೇ ಬೇಸಿಗೆ ಮುಗಿಯುವವರೆಗೆ ಮನುಷ್ಯನನ್ನು ಕಚ್ಚುವುದು. ನಮ್ಮಲ್ಲಿ ಅಡಿಕೆ ಕೊಯ್ಲು, ಸೌದೆ ಕಡಿಯುವುದು, ದರಕು ಗುಡಿಸುವುದು ಎಲ್ಲಾ ಅದೇ ತಿಂಗಳುಗಳಲ್ಲಿ.

ಇದರಲ್ಲಿ ನಮ್ಮ ದನದ ಪಾತ್ರ ಏನು ಎನ್ನುವುದು ಹಾಲಿನ ಸಂಘದವರು ಸರಿಯಾಗಿ ತಿಳಿಯಬೇಕು. ದನಕ್ಕೆ ಮಂಗನ ಕಾಯಿಲೆ ಬಂದು ದನ ಸಾಯುವುದಿಲ್ಲ. ದನದ ರಕ್ತದಿಂದ ಉಣುಗಿಗೆ ವೈರಸ್ಸು ಸಿಗುವುದೂ ಇಲ್ಲ ಎನ್ನುವಷ್ಟು ಕಡಿಮೆ. ಹಾಲಿನಿಂದ ಈ ಕಾಯಿಲೆ ಹರಡಿದ ಪುರಾವೆ ಇಲ್ಲ. ಅರಳಗೋಡಿನ ಗಲಾಟೆಯ ಕಾಲದಲ್ಲಿ ಆ ಕಡೆಯ ಹಾಲು ಬೇಡ ಎಂದು ಪೇಟೆಯಲ್ಲಿ ಮಾತಾಡಿದವರಿದ್ದರು, ಅದಕ್ಕೆ ಇದನ್ನು ಒತ್ತಿ ಹೇಳುತ್ತಿದ್ದೇವೆ. ಕಾಯಿಲೆಯ ಮನುಷ್ಯನಿಂದ ಇನ್ನೊಬ್ಬ ಮನುಷ್ಯನಿಗೂ ಬರುವುದಿಲ್ಲ, ಹಾಗಾಗಿ ರೋಗಿಯ ಮನೆಗೆ ನೀರು ಕೊಡದೆ ದೂರ ಮಾಡುವುದು ತಪ್ಪು. ಆದರೆ ದನ ಒಂದು ಕೆಲಸ ಮಾಡುತ್ತದೆ. ದೊಡ್ಡ ಉಣುಗಿಗೆ ಹೊಟ್ಟೆ ತುಂಬಾ ಊಟ ಹಾಕುತ್ತದೆ. ಕಾಡಿನಂಚಿನಲ್ಲಿ ಮನೆ, ಗದ್ದೆ, ದನ ಹೆಚ್ಚಾದ ಹಾಗೆ ಈ ಉಣುಗೂ ಹೆಚ್ಚಾಯಿತು ಎಂದು ಬೊಶೆಲ್ ಎಂಬ ವಿಜ್ಞಾನಿ 1969ರಲ್ಲೇ ಬರೆದಿದ್ದಾರೆ. ಮುಳುಗಡೆಯಾಗಿ ಬಂದು ಕಾಡಿನ ಮಧ್ಯೆ ಬದುಕು ಕಟ್ಟಿದವರನ್ನು ಇದಕ್ಕೆ ದೂರುವುದು ಅನ್ಯಾಯ. ಅವರು ಬೇಕೆಂದು ಬಂದವರಲ್ಲ. ಆದರೆ ದನದ ಮೈ ನೋಡುವ ಕೆಲಸ ಮಾತ್ರ ದನ ಕಟ್ಟಿದ ಎಲ್ಲರದ್ದೂ.

ಹಾಗಾದರೆ ದನಕ್ಕೆ ಉಣುಗಿನ ಔಷಧಿ ಯಾವಾಗ ಹಾಕಬೇಕು? ಬೇಸಿಗೆಯಲ್ಲಿ ಮಂಗ ಸತ್ತ ಸುದ್ದಿ ಪೇಪರಿನಲ್ಲಿ ಬಂದ ಮೇಲೆ ಎಲ್ಲರೂ ಓಡಾಡ್ತಾರೆ. ಆಗ ಹಾಕುವುದೂ ಬೇಕು, ಕಾಡಿಗೆ ಹೋದ ದನ ಉಣುಗು ಹೊತ್ತು ತರುತ್ತದೆ. ಆದರೆ ಬೇರಿಗೇ ಕೊಡಲಿ ಹಾಕುವ ಕಾಲ ಮಳೆಗಾಲ. ಜೂನ್‌ನಲ್ಲಿ ದನದ ಮೈಮೇಲೆ ಸತ್ತ ಒಂದು ಹೆಣ್ಣು ಉಣುಗು ಅಂದರೆ ಡಿಸೆಂಬರಿನಲ್ಲಿ ದರಕಿನಲ್ಲಿ ಹುಟ್ಟದೇ ಹೋದ ಸಾವಿರ ಉಣುಗು. ಆ ತಿಂಗಳಲ್ಲಿ ಯಾರಿಗೂ ಈ ಕಾಯಿಲೆಯ ನೆನಪೇ ಇರುವುದಿಲ್ಲ, ಗದ್ದೆ ನಟ್ಟಿ, ಕೊಳೆ ಔಷಧಿ ಹೊಡೆಯುವ ಗಡಿಬಿಡಿ. ಅದಕ್ಕೇ ಇದನ್ನು ಒಬ್ಬೊಬ್ಬರ ಮರ್ಜಿಗೆ ಬಿಡದೆ ಸಂಘದಿಂದಲೇ ಮಾಡೋಣ ಎಂದು ಮಂಡಳಿಯಲ್ಲಿ ಮಾತಾಗಿದೆ. ಬೆನ್ನಿನ ಮೇಲೆ ಸುರಿಯುವ ಫ್ಲುಮೆಥ್ರಿನ್ ದ್ರವ, ಚರ್ಮದಡಿ ಕೊಡುವ ಐವರ್‌ಮೆಕ್ಟಿನ್ ಇಂಜೆಕ್ಷನ್ ಇವು ಪಶು ಆಸ್ಪತ್ರೆಯವರು ಬಳಸುವಂಥವು. ಯಾವುದು, ಎಷ್ಟು, ಗಬ್ಬದ ದನಕ್ಕೆ ಆಗುತ್ತದೋ, ಕೊಟ್ಟ ಮೇಲೆ ಎಷ್ಟು ದಿನ ಹಾಲು ಹಾಕಬಾರದು ಎಂಬುದನ್ನು ಪಶುವೈದ್ಯರನ್ನೇ ಕೇಳಿ ಮಾಡಬೇಕು. ತೋಟಕ್ಕೆ ತಂದ ಕೀಟನಾಶಕ ಉಳಿದಿದೆ ಅಂತ ಬಟ್ಟೆಯಲ್ಲಿ ಅದ್ದಿ ದನದ ಮೈಗೆ ಒರೆಸುವವರು ಇದ್ದಾರೆ. ದನ ಮೈ ನೆಕ್ಕಿಕೊಳ್ಳುತ್ತದೆ, ಅದೇ ಹಾಲಿಗೂ ಬರುತ್ತದೆ. ಅದು ಬೇಡ.

ಇಲ್ಲಿ ಒಂದು ಆಕ್ಷೇಪಣೆ ಬಂತು. ಸದಸ್ಯರಲ್ಲದವರ ದನಕ್ಕೆ, ಗೊಡ್ಡು ದನಕ್ಕೆ, ಬಿಟ್ಟ ಹೋರಿಗೆ ಸಂಘದ ದುಡ್ಡಿನಲ್ಲಿ ಯಾಕೆ ಔಷಧಿ ಅಂತ. ಕೊಟ್ಟಿಗೆಯಲ್ಲೇ ಕಟ್ಟಿ ಸಾಕುವ ಜೆರ್ಸಿ, ಎಚ್‌ಎಫ್ ದನಕ್ಕಿಂತ ಬೆಳಿಗ್ಗೆ ಬಿಟ್ಟರೆ ಸಂಜೆ ಬರುವ ಮಲೆನಾಡು ಗಿಡ್ಡವೇ ಕಾಡಿನ ಉಣುಗಿಗೆ ಹೆಚ್ಚು ಸಿಗುವುದು. ಹಾಲು ಹಾಕುವ ಹತ್ತು ದನಕ್ಕೆ ಔಷಧಿ ಹಾಕಿ, ಅದೇ ಸೊಪ್ಪಿನಬೆಟ್ಟದಲ್ಲಿ ಮೇಯುವ ಮೂವತ್ತು ದನ ಬಿಟ್ಟರೆ ಏನು ಮಾಡಿದ ಹಾಗಾಯಿತು? ಉಣುಗು ಸದಸ್ಯತ್ವದ ಪುಸ್ತಕ ನೋಡಿ ಹತ್ತುವುದಿಲ್ಲ. ಖರ್ಚಿನ ಲೆಕ್ಕ ಸಭೆಯ ಮುಂದಿದೆ, ಒಪ್ಪುವುದು ಬಿಡುವುದು ತಮ್ಮದು. ನಮ್ಮ ಅಭಿಪ್ರಾಯ ಮಾತ್ರ ಊರಿನ ಎಲ್ಲ ದನಕ್ಕೂ ಆಗಬೇಕು ಎಂಬುದು. ಇದರಲ್ಲಿ ಹಾಲಿನ ಲಾಭವೂ ಇದೆ. ಕೆಂಪು ಮೂತ್ರದ ರೋಗ, ಥೈಲೇರಿಯಾ ಜ್ವರ ಇವೂ ಉಣುಗಿನಿಂದಲೇ ಬರುವುದು. ಮಿಶ್ರತಳಿ ದನಕ್ಕೆ ಥೈಲೇರಿಯಾ ಬಂದು ಹಾಲು ಬತ್ತಿದವರಿಗೆ ಅದರ ನಷ್ಟ ಗೊತ್ತು.

ಮೈ ನೋಡುವ ಕ್ರಮ ಹೇಳುತ್ತೇವೆ. ದನದಲ್ಲಿ ಕಿವಿಯ ಒಳಗೆ, ಗಂಗೆದೊಗಲಿನ ಮಡಿಕೆ, ಮುಂಗಾಲಿನ ಸಂದು, ಕೆಚ್ಚಲು ಮತ್ತು ತೊಡೆಯ ನಡುವೆ, ಬಾಲದ ಬುಡ. ಹಾಲು ಕರೆಯುವಾಗ ಒಂದು ಕೈ ಆಡಿಸಿದರೆ ಸಾಕು, ಬೇರೆ ಹೊತ್ತು ಬೇಕಿಲ್ಲ. ನಾಯಿಯಲ್ಲಿ ಕಿವಿಯ ಒಳಹೊರಗು, ಕುತ್ತಿಗೆಯ ಪಟ್ಟಿ ಅಡಿ, ಕಂಕುಳು, ತೊಡೆಸಂದು, ಕಾಲಿನ ಬೆರಳುಗಳ ನಡುವೆ. ಬೆರಳ ಸಂದಿ ನೋಡುವುದನ್ನು ಹೆಚ್ಚಿನವರು ಬಿಡುತ್ತಾರೆ. ಮಲೆನಾಡಿನಲ್ಲಿ ನಾಯಿ ಅಂದರೆ ಕಟ್ಟಿಹಾಕಿ ಸಾಕುವಂಥದ್ದಲ್ಲ. ಯಜಮಾನ ಸೌದೆಗೆ ಹೋದರೆ ಹಿಂದೆಯೇ ಹೋಗುತ್ತದೆ, ಕಾಡುಹಂದಿ ಓಡಿಸಲು ಪೊದೆ ನುಗ್ಗುತ್ತದೆ, ಸಂಜೆ ಬಂದು ಮಕ್ಕಳ ಕಾಲಬುಡದಲ್ಲಿ ಮಲಗುತ್ತದೆ. ಕಾಡಿನ ಉಣುಗು ಜಗಲಿಗೆ ಬರಲು ಅದೊಂದು ಬಸ್ಸಿದ್ದ ಹಾಗೆ. ನವೆಂಬರ್‌ನಿಂದ ಮೇ ತನಕ ನಾಯಿಯನ್ನು ಅಂಗಳದ ತುದಿಯಲ್ಲೇ ನಿಲ್ಲಿಸಿ, ಬಾಚಣಿಗೆ ಹಾಕಿ, ಮೈ ನೋಡಿಯೇ ಒಳಗೆ ಬಿಡಿ. ಅಡಿಗೆ ಒಂದು ಬಿಳಿ ಪಂಚೆ ಹಾಸಿದರೆ ಉದುರಿದ್ದು ಕಾಣುತ್ತದೆ. ನಾಯಿಗೆ ಹಾಕುವ ಹನಿ ಔಷಧಿ, ಪಟ್ಟಿ ಬೇರೆಯೇ ಸಿಗುತ್ತದೆ. ದನದ ಔಷಧಿ ಉಳಿದಿದ್ದನ್ನು ನಾಯಿಗೆ ಹಾಕಬೇಡಿ. ಬೆಕ್ಕಿಗಂತೂ ಇಂಥ ಕೆಲವು ಔಷಧಿ ಜೀವಕ್ಕೇ ಅಪಾಯ.

ಕಚ್ಚಿಕೊಂಡ ಉಣುಗು ಸಿಕ್ಕರೆ ಉಗುರಿನಲ್ಲಿ ಚಿಟಿಕೆ ಹೊಡೆದು ಒಡೆಯುವುದು ನಮ್ಮ ಹಳೇ ಅಭ್ಯಾಸ. ಅದನ್ನು ನಿಲ್ಲಿಸಬೇಕು. ಉಣುಗಿನ ಒಳಗಿರುವುದು ಕೈಯ ಗಾಯಕ್ಕೆ ತಾಗಬಹುದು. ಬೀಡಿಯಿಂದ ಸುಡುವುದು, ಸೀಮೆಎಣ್ಣೆ ಹಚ್ಚುವುದು ಇವೂ ಬೇಡ. ಚಿಮಟ ಇದ್ದರೆ ಚಿಮಟದಿಂದ, ಇಲ್ಲದಿದ್ದರೆ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ತಿರುಚದೆ ನೇರವಾಗಿ ನಿಧಾನ ಎಳೆಯಬೇಕು. ತೆಗೆದದ್ದನ್ನು ಸೀಮೆಎಣ್ಣೆ ಹಾಕಿದ ಬಾಟಲಿಗೆ ಹಾಕಿ ಮುಚ್ಚಿ. ಕೈ ಸೋಪಿನಲ್ಲಿ ತೊಳೆಯಿರಿ.

ಮನುಷ್ಯರ ಮೈಯೂ ಹಾಗೆಯೇ. ಕಾಡಿಗೆ ಹೋಗುವ ಮೊದಲು ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆಯನ್ನು ಕೈಕಾಲು, ಕುತ್ತಿಗೆಗೆ ಹಚ್ಚಿಕೊಳ್ಳಬೇಕು. ಹಿಂದೆ ಡಿಎಂಪಿ ಎಣ್ಣೆ ಅಂತ ಬರುತ್ತಿತ್ತು, ಈಗ ಇದು. ವಾಸನೆ ಅಂತ ಬಾಟಲಿ ಅಟ್ಟದಲ್ಲಿಟ್ಟವರ ಮನೆ ನಾವು ಬಲ್ಲೆವು. ಉದ್ದ ತೋಳಿನ ಅಂಗಿ, ಉದ್ದ ಪ್ಯಾಂಟು ಹಾಕಿ, ಪ್ಯಾಂಟಿನ ತುದಿ ಕಾಲುಚೀಲದೊಳಗೆ ಸೇರಿಸಿ. ಬಂದ ಕೂಡಲೇ ಆ ಬಟ್ಟೆ ಬಿಸಿನೀರಿಗೆ, ಮೈ ಬಚ್ಚಲಿಗೆ. ಮಕ್ಕಳ ತಲೆಕೂದಲು, ಕಿವಿ ಹಿಂದೆ ತಾಯಂದಿರೇ ನೋಡಬೇಕು.

ಇನ್ನು ದರಕಿನ ವಿಷಯ. ಇದನ್ನು ಹೇಳಲೇ ನಾವು ಎದ್ದು ನಿಂತದ್ದು ಅಂದರೂ ತಪ್ಪಿಲ್ಲ. ಕೊಟ್ಟಿಗೆಗೆ ಹಾಸಲು ದರಕು ಬೇಕು, ದರಕಿಲ್ಲದೆ ಗೊಬ್ಬರ ಇಲ್ಲ, ಗೊಬ್ಬರ ಇಲ್ಲದೆ ತೋಟ ಇಲ್ಲ. ಅದು ಒಪ್ಪಿದ ಮಾತು. ಆದರೆ ಆ ದರಕು ಗುಡಿಸಿ ಕಲ್ಲಿಗೆ ತುಂಬಿ ತಲೆಮೇಲೆ ಹೊತ್ತು ತರುವವರು ಯಾರು? ನಮ್ಮಲ್ಲಿ ಬಹಳ ಜನ ತೋಟದವರು ಸ್ವತಃ ಹೋಗುವುದಿಲ್ಲ. ಕೂಲಿಗೆ ಬರುವ ಹೆಂಗಸರು ಜನವರಿ, ಫೆಬ್ರವರಿಯ ಬಿಸಿಲಿನಲ್ಲಿ, ಬರಿಗಾಲಿನಲ್ಲಿ, ಉಣುಗು ತುಂಬಿದ ದರಕಿನ ಮೇಲೆ ಬಗ್ಗಿ ಗುಡಿಸುತ್ತಾರೆ. ಹೊರೆ ತಲೆ ಮೇಲೆ, ಉಣುಗು ಕುತ್ತಿಗೆ ಮೇಲೆ. ಹಾಲಿನ ದುಡ್ಡು ನಮ್ಮ ಪಾಸ್‌ಬುಕ್ಕಿಗೆ, ಜ್ವರ ಅವರ ಮನೆಗೆ. ಜ್ವರ ಬಂದರೆ ಕೂಲಿ ಇಲ್ಲ. ಕೂಲಿ ಇಲ್ಲದಿದ್ದರೆ ಮಣಿಪಾಲಕ್ಕೆ ಹೋಗಿ ಬರುವ ಬಸ್ ಚಾರ್ಜೂ ಇಲ್ಲ. ಅದಕ್ಕೆ ನಮ್ಮ ಸೂಚನೆ ಇಷ್ಟು. ದರಕನ್ನು ಸಾಧ್ಯವಾದಷ್ಟು ಹಂಗಾಮಿಗೆ ಮೊದಲೇ ತರಿಸಿ, ಮಂಗ ಸತ್ತ ಸುದ್ದಿ ಇರುವ ಕಡೆಯಿಂದ ತರಿಸಲೇ ಬೇಡಿ. ಬದಲಿಗೆ ಭತ್ತದ ಹುಲ್ಲು, ಅಡಿಕೆ ಸಿಪ್ಪೆ, ಹೊಟ್ಟು ಎಷ್ಟು ಆಗುತ್ತದೋ ಅಷ್ಟು ಹಾಸಿ. ತಂದ ದರಕನ್ನು ಮನೆ ಬಾಗಿಲಲ್ಲಿ ರಾಶಿ ಹಾಕಬೇಡಿ, ದೂರ ಹಾಕಿ. ಕೆಲಸಕ್ಕೆ ಬಂದವರಿಗೆ ಕಾಫಿ ಕೊಡುವ ಮೊದಲು ಡೇಪಾ ಎಣ್ಣೆ ಕೊಡಿ, ಗಂಬೂಟು ತೆಗೆಸಿಕೊಡಿ, ಸಂಜೆ ಮೈತೊಳೆಯಲು ಬಿಸಿನೀರು ಕೊಡಿ. ಹಂಡೆಯಲ್ಲಿ ನೀರು ಹೇಗೂ ಕಾಯ್ತಾ ಇರುತ್ತದೆ.

ಮಂಗನ ವಿಷಯದಲ್ಲಿ ನಮ್ಮ ಜನರ ಮನಸ್ಸು ಎರಡು. ತೋಟದ ಎಳೆ ಅಡಿಕೆ, ಬಾಳೆ, ಏಲಕ್ಕಿ ಹಾಳು ಮಾಡುವ ಮಂಗ ಸತ್ತರೆ ಒಳಗೊಳಗೇ ಪೀಡೆ ಹೋಯಿತು ಅನ್ನುವವರಿದ್ದಾರೆ. ಇನ್ನು ಕೆಲವರು ಆಂಜನೇಯ ಅಂತ ಹೂವು ಹಾಕಿ, ಮೈ ತೊಳೆದು ಮಣ್ಣು ಮಾಡುತ್ತಾರೆ. ಎರಡೂ ಅಪಾಯ. ಮುಸುವವಾಗಲಿ, ಕೆಂಪು ಮೂತಿಯ ಮಂಗವಾಗಲಿ ಸತ್ತರೆ ಅದರ ಮೈಮೇಲಿನ ಉಣುಗು ಕೆಳಗಿಳಿದು ಅದೇ ಜಾಗದಲ್ಲಿ ಹೊಸ ಆಹಾರಕ್ಕೆ ಕಾಯುತ್ತದೆ. ಆಮೇಲೆ ಅಲ್ಲಿ ಮೊದಲು ಕಾಲಿಡುವವರು ಯಾರೋ ಅವರೇ. ಭಕ್ತಿ ಇದ್ದರೆ ದೂರದಿಂದಲೇ ಕೈಮುಗಿಯಿರಿ. ಮುಟ್ಟಬೇಡಿ, ಹಳ್ಳಕ್ಕೆ ಎಳೆದು ಹಾಕಬೇಡಿ, ದನ ನಾಯಿ ಆ ಕಡೆ ಬಿಡಬೇಡಿ. ಪಂಚಾಯ್ತಿಗೆ, ಆಶಾ ಕಾರ್ಯಕರ್ತೆಗೆ, ಅರಣ್ಯ ಇಲಾಖೆಗೆ ತಕ್ಷಣ ತಿಳಿಸಿ. ಅವರು ಬಂದು ಪರೀಕ್ಷೆಗೆ ಅಂಗಾಂಶ ತೆಗೆದು, ದೇಹ ಸುಟ್ಟು, ಸುತ್ತ ಪುಡಿ ಹೊಡೆಯುತ್ತಾರೆ. ಸುದ್ದಿಯಾದರೆ ಕೊಯ್ಲಿಗೆ ಆಳು ಬರುವುದಿಲ್ಲ ಅಂತ ಮುಚ್ಚಿಡುವ ಮನೆ ಎಲ್ಲಾ ಊರಿನಲ್ಲೂ ಒಂದೆರಡು ಇರುತ್ತದೆ. ಕೊಯ್ಲು ನಾಲ್ಕು ದಿನ ತಡವಾದರೆ ಅಡಿಕೆ ಹಣ್ಣಾಗುತ್ತದೆ, ಅಷ್ಟೆ. ಗೋಟಾದರೂ ಮಾಡಬಹುದು.

ಕಾಯಿಲೆಯ ಲಕ್ಷಣ ಚುಟುಕಾಗಿ ಹೇಳುತ್ತೇವೆ. ಉಣುಗು ಕಚ್ಚಿದ 3ರಿಂದ 8 ದಿನದಲ್ಲಿ ಏಕಾಏಕಿ ಚಳಿಜ್ವರ, ಹಣೆ ಒಡೆಯುವ ತಲೆನೋವು, ಸೊಂಟ ಕೈಕಾಲಿನಲ್ಲಿ ಏಳಲಾಗದ ನೋವು, ಕಣ್ಣು ಕೆಂಪು, ವಾಂತಿ, ಭೇದಿ. ಕೆಲವರಿಗೆ ಮೂಗು, ಒಸಡಿನಿಂದ ರಕ್ತ. ವಾರ ಎರಡು ವಾರದಲ್ಲಿ ಬಹಳ ಜನ ಗುಣವಾಗುತ್ತಾರೆ. ಆದರೆ ನೂರಕ್ಕೆ 10ರಿಂದ 20 ಜನರಿಗೆ ಜ್ವರ ಬಿಟ್ಟ ಮೇಲೆ ಮತ್ತೆ ಮರುಕಳಿಸಿ ಮಿದುಳಿಗೆ ತಾಗುತ್ತದೆ, ನಡುಕ, ಭ್ರಮೆ ಬರುತ್ತದೆ. ಆದ್ದರಿಂದ ಜ್ವರ ಬಿಟ್ಟಿತು ಅಂತ ಮರುದಿನವೇ ಗುದ್ದಲಿ ಹಿಡಿಯುವುದು ಬೇಡ. ಬಂದವರಲ್ಲಿ ನೂರಕ್ಕೆ 3ರಿಂದ 5 ಜನ ಸಾಯುತ್ತಾರೆ. ವೈರಸ್ಸನ್ನೇ ಕೊಲ್ಲುವ ಮದ್ದು ಇಲ್ಲ. ನೀರಿನಂಶ, ರಕ್ತಕಣ, ರಕ್ತಸ್ರಾವ ನೋಡಿಕೊಂಡು ಕಾಪಾಡುವುದೇ ಚಿಕಿತ್ಸೆ, ಅದು ಬೇಗ ಶುರುವಾದಷ್ಟೂ ಒಳ್ಳೆಯದು. ಈ ಹಂಗಾಮಿನಲ್ಲಿ ಜ್ವರ ಬಂದರೆ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬೇಡಿ, ಕೆಲವು ಮಾತ್ರೆ ರಕ್ತಸ್ರಾವ ಹೆಚ್ಚಿಸುತ್ತವೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿಗೆ ಹೋಗಿದ್ದೆ, ದರಕು ತಂದಿದ್ದೆ ಎಂದು ಬಾಯಿಬಿಟ್ಟು ಹೇಳಿ ರಕ್ತ ಕೊಡಿ. ನಮ್ಮ ಕಡೆಯ ಒಬ್ಬ ಹೆಂಗಸಿಗೆ ಒಂದು ಕಡೆ ನಾಲ್ಕು ದಿನ ಬರೀ ಸಾದಾ ಜ್ವರದ ಮಾತ್ರೆಯಲ್ಲೇ ಕಳೆಯಿತು. ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಶಿವಮೊಗ್ಗದಲ್ಲೇ ಇದಕ್ಕೆ ವೈರಸ್ ಪತ್ತೆ ಪ್ರಯೋಗಾಲಯ ಇದೆ.

ಲಸಿಕೆ ಎಲ್ಲಿ ಹೋಯಿತು ಎಂದು ಹಲವರು ಕೇಳಿದ್ದಾರೆ. ಬೆಂಗಳೂರಿನ ಹೆಬ್ಬಾಳದ ಸಂಸ್ಥೆಯಲ್ಲಿ ತಯಾರಾಗುತ್ತಿದ್ದ ಲಸಿಕೆಯನ್ನು ನಾವೆಲ್ಲ ಹಾಕಿಸಿಕೊಂಡವರೇ. ತಿಂಗಳ ಅಂತರದಲ್ಲಿ ಎರಡು, ಆಮೇಲೆ ಬೂಸ್ಟರು, ಮತ್ತೆ ವರ್ಷ ವರ್ಷ. ತೋಳು ಊದಿ ನೋಯುತ್ತಿತ್ತು, ಅದಕ್ಕೇ ಎಷ್ಟೋ ಜನ ಎರಡನೆಯದಕ್ಕೆ ಬರಲಿಲ್ಲ. 2005ರಿಂದ 2010ರ ಲೆಕ್ಕ ನೋಡಿದ ಅಧ್ಯಯನದಲ್ಲಿ ಎರಡು ಡೋಸಿಗೆ ನೂರಕ್ಕೆ ಸುಮಾರು 62ರಷ್ಟು, ಬೂಸ್ಟರೂ ಆದವರಿಗೆ ಸುಮಾರು 83ರಷ್ಟು ರಕ್ಷಣೆ ಕಂಡಿತ್ತು. ಮುಂದೆ ಲಸಿಕೆಯ ಶಕ್ತಿಯೇ ಸಾಲದು ಎಂದು ಕಂಡುಬಂದು 2022ರ ನಂತರ ಅದು ನಿಂತಿದೆ. ಐಸಿಎಂಆರ್ ಮತ್ತು ಇಂಡಿಯನ್ ಇಮ್ಯುನಲಾಜಿಕಲ್ಸ್ ಸೇರಿ ಹೊಸ ಲಸಿಕೆಯ ಕೆಲಸ ನಡೆಸಿವೆ. ಅದು ನಮ್ಮ ಊರಿಗೆ ಬರುವ ತನಕ ಎಣ್ಣೆ ಬಾಟಲಿ, ಬಾಚಣಿಗೆ ಮತ್ತು ಮಳೆಗಾಲದ ದನದ ಔಷಧಿ, ಇವೇ ನಮ್ಮ ಕೈಲಿರುವುದು.

ಕೊನೆಗೆ ಒಂದು ವ್ಯವಸ್ಥೆ. ನಾಳೆಯಿಂದ ಹಾಲು ಅಳೆಯುವ ಮೇಜಿನ ಮೇಲೆ ಒಂದು ನೋಟುಬುಕ್ಕು ಇರುತ್ತದೆ. ಸತ್ತ ಮಂಗ ಕಂಡರೆ ಜಾಗ ಮತ್ತು ತಾರೀಖು, ಮನೆಯಲ್ಲಿ ಅಥವಾ ಕೆಲಸದವರಲ್ಲಿ ಯಾರಿಗಾದರೂ ಜ್ವರ ಇದ್ದರೆ ಅದು, ಇಷ್ಟೇ ಬರೆಯುವುದು. ಬರೆಯಲು ಬಾರದವರು ಕಾರ್ಯದರ್ಶಿಗಳಿಗೆ ಹೇಳಿದರೆ ಅವರು ಬರೆದುಕೊಳ್ಳುತ್ತಾರೆ. ಬೆಳಿಗ್ಗೆ ಹಾಲಿನ ಗಾಡಿ ಹೋದ ಕೂಡಲೇ ಅದನ್ನು ಆರೋಗ್ಯ ಕೇಂದ್ರಕ್ಕೆ ಫೋನು ಮಾಡಿ ತಿಳಿಸುವ ಜವಾಬ್ದಾರಿ ಈ ವರ್ಷ ನಮ್ಮದು. ಡೇಪಾ ಎಣ್ಣೆಯ ಬಾಟಲಿಗಳನ್ನೂ ಅದೇ ಮೇಜಿನ ಪಕ್ಕ ಇಡಿಸುತ್ತೇವೆ. ಮನೆಗೊಂದು ಅಲ್ಲ, ಕಾಡಿಗೆ ಹೋಗುವ ತಲೆಗೊಂದು. ಕೆಲಸದವರ ಲೆಕ್ಕವನ್ನೂ ಸೇರಿಸಿ ಕೇಳಿ ತೆಗೆದುಕೊಳ್ಳಿ.